ಬುಟ್ಟಿ ಗಿಡ

ನಮ್ಮ ಕಡೆ ಇನ್ನೂ ಬುಟ್ಟಿ ಗಿಡ ಎಂದೇ ಅನ್ನುತ್ತಾರೆ,
ಬುಟ್ಟಿ ಹೋಗಿ ನಲವತ್ತು ವರ್ಷವಾದರೂ.
ಹೆಣೆಯುವವರು ಹೋದರು, ಬಿದಿರು ಹೂಬಿಟ್ಟು
ಒಮ್ಮೆಲೇ ಸತ್ತಿತು, ಆಮೇಲೆ ಬಂದದ್ದು
ಕಪ್ಪು ತೊಟ್ಟೆ, ಕಿಲೋ ಲೆಕ್ಕದಲ್ಲಿ,
ಬುಡಕ್ಕೆ ಆರು ತೂತು ಹೊಡೆದು.
ಮಾತು ಮಾತ್ರ ಹಳೆಯ ಬಾಡಿಗೆದಾರನ ಹಾಗೆ
ಮನೆ ಬಿಡದೆ ಕೂತಿತ್ತು.

ಸುಂಟಿಕೊಪ್ಪದ ಹಲ್ಲರ್ ಮಿಲ್ಲಿನ ಹಿಂದೆ
ಕಾಫಿ ಹೊಟ್ಟಿನ ಗುಡ್ಡೆ.
ಬೀಜಕ್ಕೆ ಚೀಲ, ಚೀಲಕ್ಕೆ ನಂಬರು, ನಂಬರಿಗೆ ಹಡಗು.
ಹೊಟ್ಟಿಗೆ ಗಾಳಿ.
ಲಾರಿ ಬಂದರೆ ಇಟ್ಟಿಗೆ ಗೂಡಿಗೆ,
ಬಾರದಿದ್ದರೆ ಅಲ್ಲೇ ಒಳಗೊಳಗೇ ಕಾದು, ಹೊಗೆಯಾಡಿ,
ಮಳೆ ಹಿಡಿದ ಮೇಲೆ ಕರಿಚಹಾದ ಬಣ್ಣದಲ್ಲಿ
ತೋಡಿಗೆ ಇಳಿಯುತ್ತದೆ.
ಏಡಿಗಳು ದಡ ಹತ್ತಿ ಕೂತದ್ದನ್ನು ನಾನೇ ನೋಡಿದ್ದೇನೆ.

ಸುಹರಾ ಆ ಹಲ್ಲರ್ ನಡೆಸುವವಳು.
"ಇದಕ್ಕೊಂದು ಆಕಾರ ಕೊಟ್ಟರೆ ಸುಮ್ಮನೆ ಕೂರತ್ತೆ" ಅಂದಳು,
ಕೂದಲಿಂದ ಹೊಟ್ಟು ಕೊಡವುತ್ತ.
ಮೊದಲ ಅಚ್ಚು ಅವಳ ಮನೆಯ ಪುಟ್ಟಿನ ಕೊಳವೆ.
ಮರಗೆಣಸಿನ ಗಂಜಿ, ಅರೆದ ಹೊಟ್ಟು, ಒಂದು ಹಿಡಿ ಸೆಗಣಿ.
ಒಣಗಿದರೆ ಬಿರುಕು. ಎರಡನೆಯದರಲ್ಲಿ ಅಣಬೆ.
ಮೂರನೆಯದನ್ನು ಇಲಿ ತಿಂದಿತು.
"ರುಚಿಯಂತೂ ಸರಿಯಾಗಿದೆ" ಅಂದಳು.
ಆ ಕೊಳವೆಯನ್ನು ಅವಳ ಉಮ್ಮ
ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ.

ಈಗ ಒಂದು ಪ್ರೆಸ್ ಇದೆ,
ಮುಚ್ಚಿದ ರಬ್ಬರ್ ಕಾರ್ಖಾನೆಯಿಂದ ತೂಕಕ್ಕೆ ತಂದದ್ದು.
ಕಾದ ಅಚ್ಚು ಮುಚ್ಚಿ ತೊಂಬತ್ತು ಎಣಿಸಬೇಕು.
ಸುಹರಾ ಮಲಯಾಳದಲ್ಲಿ ಎಣಿಸುತ್ತಾಳೆ, ನಾನು ಕನ್ನಡದಲ್ಲಿ;
ಯಾಕೋ ಅವಳದು ಬೇಗ ಮುಗಿಯುತ್ತದೆ.
ಅಚ್ಚು ತೆರೆದಾಗ ಬರುವುದು ಕಾಫಿಯ ಘಮವಲ್ಲ,
ಒದ್ದೆ ಗೋಣಿಯದು, ತಳ ಹಿಡಿದ ಬೆಲ್ಲದ್ದು.

ಮೊದಲ ಗಿರಾಕಿ ಕುಟ್ಟಪ್ಪ. ಉಗುರಲ್ಲಿ ಕೆರೆದು ನೋಡಿದರು,
ಜೀಪಿನ ಬಾನೆಟ್ಟಿಗೆ ಕುಟ್ಟಿದರು.
"ಎಷ್ಟು ಮಳೆಗಾಲ ತಡೆಯುತ್ತದೆ?"
"ಒಂದು."
"ಆಮೇಲೆ?"
"ಆಮೇಲೆ ಇರುವುದಿಲ್ಲ."
ಇಂಥ ಮಾತಾಡಿ ವ್ಯಾಪಾರಕ್ಕೆ ಇಳಿದವರು
ಈ ಪೇಟೆಯಲ್ಲಿ ನಾವೇ ಮೊದಲಿರಬೇಕು.
ಎದುರು ಅಂಗಡಿಯವನು ಕೊಡೆಗೆ ಐದು ವರ್ಷ,
ಬಕೆಟಿಗೆ ಹತ್ತು ವರ್ಷ ಆಣೆ ಹಾಕುತ್ತಾನೆ.
ನಮ್ಮ ಆಣೆ ಇಷ್ಟೇ: ಕೊಳೆಯುತ್ತದೆ.
ಕೊಳೆಯದಿದ್ದರೆ ದುಡ್ಡು ವಾಪಸ್.
ಅವರು ನಗಲಿಲ್ಲ. ಇನ್ನೂರು ಕೊಂಡರು,
ತೋಟಕ್ಕಲ್ಲ, ಹೆಂಡತಿಯ ಆಂಥೂರಿಯಮ್ಮಿಗೆ.

ಅದರಲ್ಲಿ ಮಿಕ್ಕ ಐವತ್ತು, ಹೇಗೋ,
ನರ್ಸರಿಯ ಅಮ್ಮಿಣಿಯ ಕೈಗೆ ಬಂದವು.
ಜೂನ್. ಗುಂಡಿಗಳ ಸಾಲು.
ಅವಳ ಸೆರಗಿನ ಗಂಟಲ್ಲಿ ಅರ್ಧ ಬ್ಲೇಡು,
ತೊಟ್ಟೆ ಸೀಳಲು, ಇಪ್ಪತ್ತು ವರ್ಷದಿಂದ, ದಿನಕ್ಕೆ ಮುನ್ನೂರು.
ರೇಷನ್ ಅಂಗಡಿಯ ಯಂತ್ರ
ಅವಳ ಎಡ ಹೆಬ್ಬೆರಳನ್ನು ಗುರುತು ಹಿಡಿಯುವುದಿಲ್ಲ.

ಗಿಡ ಎತ್ತಿದಳು, ಅಭ್ಯಾಸಕ್ಕೆ ಬ್ಲೇಡು ತೆಗೆದಳು.
ಸೀಳಲು ಏನೂ ಇಲ್ಲ.
ಹೊಟ್ಟಿನ ಗೋಡೆ ತೂರಿ ಬೇರು ಆಗಲೇ
ಬೆಕ್ಕಿನ ಮೀಸೆಯಷ್ಟು ಹೊರಗೆ.
"ಹಿಂಗೇ ಇಡೋದಾ?"
"ಹಿಂಗೇ."
ಬ್ಲೇಡನ್ನೂ ಗಿಡವನ್ನೂ ಹಿಡಿದು ಕ್ಷಣ ನಿಂತಳು,
ಎರಡರಲ್ಲಿ ಯಾವುದನ್ನು ಹೂಳಲಿ ಎನ್ನುವ ಹಾಗೆ.

ಐವತ್ತರಲ್ಲಿ ಒಂಬತ್ತು ಸತ್ತವು,
ಹೊಟ್ಟಿನ ಖಾರಕ್ಕೋ, ಹುಳಕ್ಕೋ, ಗೊತ್ತಾಗಲಿಲ್ಲ.
ಸುಹರಾ ಗಂಜಿಯ ಅಳತೆ ಬದಲಿಸಿದಳು.

ಪಕ್ಕದ ಪಟ್ಟಿಯಲ್ಲಿ ಗುದ್ದಲಿ ಹಾಕಿದಾಗ
ತಂದೆಯ ಕಾಲದ ತೊಟ್ಟೆಯೊಂದು ಎದ್ದು ಬಂತು,
ಆರೂ ತೂತು ಸ್ಪಷ್ಟ, ಕಪ್ಪು ಮಾಸಿಲ್ಲ.
ಅದರಲ್ಲಿ ಬೆಳೆದ ಗಿಡ ಹಣ್ಣು ಕೊಟ್ಟು, ಬೋರರ್ ತಿಂದು,
ಸೌದೆಯಾಗಿ, ಯಾರದೋ ಬಚ್ಚಲ ನೀರು ಕಾಯಿಸಿ,
ಬೂದಿಯೂ ಆಗಿ ಹೋಗಿದೆ.

ಅಕ್ಟೋಬರಿನಲ್ಲಿ ಅಮ್ಮಿಣಿ ಯಾರೂ ಹೇಳದೆ
ಒಂದು ಗಿಡದ ಬುಡ ಕೆದಕಿದಳು.
ಬೇರು, ಮಣ್ಣು, ಎರೆಹುಳದ ಒಂದು ಸುತ್ತು.
ಇನ್ನಷ್ಟು ಕೆದಕಿದಳು. ಬೆರಳು ಮೂಸಿದಳು.
ಆಮೇಲೆ, ಕಳ್ಳತನ ನಾನೇ ಮಾಡಿದೆ ಎಂಬಂತೆ
ನನ್ನ ಕಡೆ ತಿರುಗಿ,
"ಬುಟ್ಟಿ ಎಲ್ಲಿ?" ಅಂದಳು.